ಎಂಟರ್ ಒತ್ತೋಕೆ ಯಾರೂ ಇಲ್ಲ

2011ರ ನವೆಂಬರ್ ಕೊನೆ. ನಮ್ಮ ಟೀಮಿನ ಹುಡುಗನೊಬ್ಬ ತಂಗಿ ಮದುವೆಗೆ ಅಂತ ಹದಿನೈದು ದಿನ ರಜಾ ಹಾಕಿದ. ಊರು ಶಿರಸಿಯಿಂದ ಇನ್ನೂ ಒಳಗೆ. ಚಪ್ಪರ ಹಾಕುವುದರಿಂದ ಹಿಡಿದು ಪಂಕ್ತಿಯಲ್ಲಿ ಬಡಿಸುವವರೆಗೆ ಎಲ್ಲಕ್ಕೂ ಅಣ್ಣನೇ ಬೇಕು. ಫೋನಿಗೆ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹೋಗುವ ಮುಂಚೆ ನನ್ನ ಮೇಜಿನ ಮೇಲೆ ಅರ್ಧ ಹಾಳೆ ಇಟ್ಟು ಹೋದ. ಅವನು ದಿನಾ ಓಡಿಸುವ ಸ್ಕ್ರಿಪ್ಟಿನ ಬಗ್ಗೆ ಅದರಲ್ಲಿ ನಾಲ್ಕೇ ಸಾಲು. ತಾರೀಖು ಕೇಳುತ್ತೆ, ನಿನ್ನೆಯದು ಕೊಡು. ಪ್ರೊಡಕ್ಷನ್ನಾ ಟೆಸ್ಟಾ ಅಂತ ಕೇಳುತ್ತೆ, ಪಿ ಕೊಡು. ಪ್ಯಾನೆಲ್ ಬರುತ್ತೆ, ನೋಡಿ ಎಂಟರ್ ಒತ್ತು. ಮುಂದೆ ಹೋಗಲಾ ಅಂತ ಕೇಳುತ್ತೆ, ವೈ ಕೊಡು.

ನಾವಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನೋಡಿಕೊಳ್ಳುತ್ತಿದ್ದ ಮೇನ್‌ಫ್ರೇಮ್, ಅಂದರೆ ದೊಡ್ಡ ಕಂಪ್ಯೂಟರ್, ಅಮೆರಿಕದ ಪೂರ್ವ ಕರಾವಳಿಯ ಒಂದು ಬ್ಯಾಂಕಿನದು. ಆ ಹುಡುಗ ಬೆಳಗ್ಗೆ 7ಕ್ಕೆ ಬಂದು ರೆಕ್ಸ್ ಅನ್ನುವ ಭಾಷೆಯಲ್ಲಿ ಬರೆದ ಈ ಸ್ಕ್ರಿಪ್ಟ್ ಓಡಿಸುತ್ತಿದ್ದ. ಅದು ಅವತ್ತಿನ ಫೈಲುಗಳ ರೆಕಾರ್ಡ್ ಎಣಿಸುತ್ತಿತ್ತು. ಎಣಿಕೆಯನ್ನು ಸ್ಕ್ರೀನಿನ ಮೇಲೆ ತೋರಿಸುತ್ತಿತ್ತು. ಕಂಟ್ರೋಲ್ ಕಾರ್ಡ್ ಅನ್ನುವ ಒಂದು ಚಿಕ್ಕ ಫೈಲಿನಲ್ಲಿ ತಾರೀಖು ಬದಲಾಯಿಸುತ್ತಿತ್ತು. ಕೊನೆಗೆ ತಾನೇ ಒಂದು ಜೆಸಿಎಲ್, ಅಂದರೆ ಮೆಷಿನ್ನಿಗೆ ಕೊಡುವ ಕೆಲಸದ ಚೀಟಿ, ಕಟ್ಟಿ ಸಬ್‌ಮಿಟ್ ಮಾಡುತ್ತಿತ್ತು. ಐದು ನಿಮಿಷದ ಕೆಲಸ. ಆಮೇಲೆ ಅವನು ಕೆಳಗಿಳಿದು ಕಾಫಿ ಕುಡಿಯುತ್ತಿದ್ದ.

ನಮ್ಮ ಲೀಡ್ ಆ ಹಾಳೆ ನೋಡಿದರು. "ದಿನಾ ಅದೇ ನಾಲ್ಕು ಉತ್ತರ ಅಲ್ವೇನಮ್ಮ? ಬ್ಯಾಚ್‌ಗೆ ಹಾಕ್ಬಿಡು. ಅರ್ಧ ದಿನದ ಕೆಲಸ."

"ಆಯ್ತು ಸರ್" ಅಂದೆ. ಒಂಬತ್ತು ದಿನ ಹಿಡಿಯಿತು.

ಮೇನ್‌ಫ್ರೇಮ್ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಂಕಿಗೆ ಹೋಗಿ ಕೌಂಟರ್ ಮುಂದೆ ನಿಂತರೆ ಒಳಗಿನವರು ಕೇಳುತ್ತಾರೆ, ನಾವು ಹೇಳುತ್ತೇವೆ. ಸಹಿ ಬಿಟ್ಟುಹೋಗಿದ್ದರೆ ಅಲ್ಲೇ ಹಾಕಿಸುತ್ತಾರೆ. ಇದು ಇಂಟರಾಕ್ಟಿವ್. ಚೆಕ್ಕು, ಚಲನ್ ತುಂಬಿ ಗೋಡೆಯ ಡಬ್ಬಕ್ಕೆ ಹಾಕಿ ಬಂದರೆ ಅದು ಬ್ಯಾಚ್. ಸಹಿ ಬಿಟ್ಟಿದ್ದರೆ ಡಬ್ಬ ನಮ್ಮನ್ನು ಕೂಗಿ ಕರೆಯುವುದಿಲ್ಲ. ಮೇನ್‌ಫ್ರೇಮಿನಲ್ಲಿ ಹುಟ್ಟಿನಿಂದ ಇದ್ದದ್ದು ಡಬ್ಬವೇ. ಐಬಿಎಂನವರು ಸಿಸ್ಟಮ್/360 ಪ್ರಕಟಿಸಿದ್ದು 1964ರಲ್ಲಿ. ಆಗ ಕಾರ್ಡು ತೂತು ಮಾಡಿ ಕಟ್ಟು ಕೊಟ್ಟು, ಪ್ರಿಂಟ್ ಬರುವವರೆಗೆ ಕಾಯಬೇಕು. ಟರ್ಮಿನಲ್ ಮುಂದೆ ಕೂತು ಮಾತಾಡುವ ಟಿಎಸ್‌ಒ ಬಂದದ್ದು 1971ರಲ್ಲಿ. ಮೈಕ್ ಕೌಲಿಷಾ ರೆಕ್ಸ್ ಬರೆಯಲು ಶುರು ಮಾಡಿದ್ದು 1979ರಲ್ಲಿ, ಅದೂ ವಿಎಂ ಅನ್ನುವ ಬೇರೆಯೇ ಸಿಸ್ಟಮಿಗೆ. ಟಿಎಸ್‌ಒಗೆ ಅದು ಬಂದದ್ದು ಆಮೇಲೆ. ಹಾಗಾಗಿ ಮಾತಾಡುವ ಸ್ಕ್ರಿಪ್ಟನ್ನು ಬ್ಯಾಚಿಗೆ ಹಾಕುವುದು ಅಂದರೆ ಮೊಮ್ಮಗನನ್ನು ಅಜ್ಜನ ಮನೆಗೆ ಕಳಿಸಿದ ಹಾಗೆ. ಮನೆ ನಮ್ಮದೇ, ಆದರೆ ಅಲ್ಲಿ ಸುಮ್ನೆ ಇರಬೇಕು.

ಅಜ್ಜನ ಮನೆ ಬಾಗಿಲಿನ ಹೆಸರು ಐಕೆಜೆಇಎಫ್‌ಟಿ01. ಹೇಳಲು ಬಾಯಿ ತಿರುಗುವುದಿಲ್ಲ, ಗೊತ್ತು. ನನಗೆ ಇದರಲ್ಲಿ ಬಹಳ ಹಿಡಿಸಿದ ವಿಷಯ ಏನೆಂದರೆ, ನಾವು ದಿನಾ ಲಾಗಾನ್ ಆದಾಗ ಹಿಂದೆ ಓಡುವುದೂ ಸಾಮಾನ್ಯವಾಗಿ ಇದೇ ಪ್ರೋಗ್ರಾಮು. ಲಾಗಾನ್ ಪ್ರೊಸೀಜರ್ ತೆಗೆದು ನೋಡಿ, ಅದೂ ಒಂದು ಜೆಸಿಎಲ್. ಅದರಲ್ಲಿ ಎಕ್ಸೆಕ್ ಸಾಲಿನಲ್ಲಿ ಐಕೆಜೆಇಎಫ್‌ಟಿ01 ಕೂತಿರುತ್ತದೆ. ಅಲ್ಲಿ ಅದು ಟರ್ಮಿನಲ್‌ನಿಂದ ಓದುತ್ತದೆ, ಟರ್ಮಿನಲ್‌ಗೆ ಬರೆಯುತ್ತದೆ. ಬ್ಯಾಚಿನಲ್ಲಿ ಅದೇ ಪ್ರೋಗ್ರಾಮು ಸಿಸ್‌ಟಿಎಸ್‌ಇನ್ ಅನ್ನುವ ಡಿಡಿಯಿಂದ (ಯಾವ ಫೈಲ್ ಅಂತ ಹೇಳುವ ಜೆಸಿಎಲ್ ಸಾಲು) ಓದಿ ಸಿಸ್‌ಟಿಎಸ್‌ಪಿಆರ್‌ಟಿಗೆ ಬರೆಯುತ್ತದೆ. ಅಷ್ಟೇ ವ್ಯತ್ಯಾಸ. ಇದು ತಿಳಿದ ದಿನ ನನಗೂ ಅರ್ಧ ದಿನದ ಕೆಲಸ ಅಂತಲೇ ಅನ್ನಿಸಿತ್ತು.

ಮೊದಲ ಸಲ ಸಬ್‌ಮಿಟ್ ಮಾಡಿದಾಗ ಬಂದ ಉತ್ತರ: ಕಮಾಂಡ್ ಸಿಗಲಿಲ್ಲ. ದಿನಾ ಓಡುವ ಸ್ಕ್ರಿಪ್ಟು, ಸಿಗಲಿಲ್ಲ ಅಂದರೆ? ಆಮೇಲೆ ಹೊಳೆಯಿತು. ಲಾಗಾನ್ ಆದ ಕೂಡಲೇ ನಮಗಾಗಿ ಹತ್ತಾರು ಲೈಬ್ರರಿ ಅಲೋಕೇಟ್ ಆಗಿರುತ್ತವೆ. ಮನೆಗೆ ಕಾಲಿಡುವ ಮೊದಲೇ ಯಾರೋ ಲೈಟು ಹಾಕಿ, ಫ್ಯಾನು ತಿರುಗಿಸಿ ಇಟ್ಟ ಹಾಗೆ. ಬ್ಯಾಚಿನಲ್ಲಿ ಸ್ವಿಚ್ ನಾವೇ ಹಾಕಬೇಕು. ಸ್ಕ್ರಿಪ್ಟ್ ಇರುವ ಪಿಡಿಎಸ್ ಅನ್ನು (ಫೋಲ್ಡರ್ ಥರದ್ದು, ಒಳಗಿನ ಒಂದೊಂದು ಫೈಲೂ ಒಂದು ಮೆಂಬರ್) ಸಿಸ್‌ಎಕ್ಸೆಕ್ ಅನ್ನುವ ಡಿಡಿಗೆ ಕೊಟ್ಟೆ. ಸಿಲಿಸ್ಟ್ ಅನ್ನುವ ಹಳೆಯ ಥರದ ಸ್ಕ್ರಿಪ್ಟುಗಳಿಗೆ ಸಿಸ್‌ಪ್ರೊಕ್. ಸ್ಕ್ರಿಪ್ಟ್ ಸಿಕ್ಕಿತು.

ಸಿಕ್ಕಿದ್ದೇ ತಪ್ಪಾಯಿತು.

ತಾರೀಖು ಕೇಳುವ ಜಾಗದಲ್ಲಿ ಯಾರೋ ಪುಣ್ಯಾತ್ಮರು ಒಂದು ಲೂಪ್ ಬರೆದಿದ್ದರು. ಆರು ಅಂಕಿ ಬರುವವರೆಗೆ ಮತ್ತೆ ಮತ್ತೆ ಕೇಳುವ ಲೂಪ್. ಟರ್ಮಿನಲ್ ಮುಂದೆ ಇದು ಒಳ್ಳೆಯ ಅಭ್ಯಾಸ. ಬ್ಯಾಚಿನಲ್ಲಿ, ಉತ್ತರ ಓದುವ ರೆಕ್ಸಿನ ಪುಲ್ ಅನ್ನುವುದು ಡೇಟಾ ಸ್ಟ್ಯಾಕ್ (ಸಾಲುಗಳನ್ನು ಮೊದಲೇ ಪೇರಿಸಿಡುವ ಜಾಗ) ಖಾಲಿ ಇದ್ದರೆ ಸಿಸ್‌ಟಿಎಸ್‌ಇನ್ ಓದಲು ಹೋಗುತ್ತದೆ. ಅಲ್ಲೂ ಏನೂ ಇಲ್ಲದಿದ್ದರೆ ಖಾಲಿ ಸಾಲು ತಂದುಕೊಡುತ್ತದೆ. ಕಾಯುವುದಿಲ್ಲ, ಬಿದ್ದು ನಿಲ್ಲುವುದೂ ಇಲ್ಲ. ಖಾಲಿ ಸಾಲು ಆರು ಅಂಕಿ ಅಲ್ಲ. ಮತ್ತೆ ಕೇಳು. ಮತ್ತೆ ಖಾಲಿ. ಮತ್ತೆ ಕೇಳು. ಮನುಷ್ಯರಾದರೆ ಮೂರನೇ ಸಲಕ್ಕೆ ಮುಖ ಸಿಂಡರಿಸುತ್ತಿದ್ದರು. ಇದು ಔಟ್‌ಪುಟ್ ಸೇರುವ ಸ್ಪೂಲಿನಲ್ಲಿ "ತಾರೀಖು ಕೊಡಿ" ಅಂತ ಬರೆಯುತ್ತಲೇ ಹೋಯಿತು. ನಾನು ಆ ಹೊತ್ತಿಗೆ ಇಡ್ಲಿ ತಿನ್ನಲು ಹೋಗಿದ್ದೆ. ಬಂದು ನೋಡಿದರೆ ಎಸ್722 ಅಬೆಂಡ್, ಅಂದರೆ ಜಾಬ್ ಅರ್ಧಕ್ಕೇ ಬಿದ್ದಿತ್ತು. ಪ್ರಿಂಟ್ ಸಾಲುಗಳ ಮಿತಿ ದಾಟಿದಾಗ ಬರುವ ಅಬೆಂಡ್ ಅದು. ಪುಣ್ಯಕ್ಕೆ ಮಿತಿ ಇತ್ತು. ಸ್ಪೂಲ್ ತುಂಬಿದ್ದರೆ ಇಡೀ ಸಿಸ್ಟಮಿನ ಕಣ್ಣು ನನ್ನ ಮೇಲೆ ಬೀಳುತ್ತಿತ್ತು.

ಲೀಡ್ ಔಟ್‌ಪುಟ್ ತೆರೆದು ಕೊನೆಯ ಸಾಲಿಗೆ ಹೋಗಿ, ಮೇಲೆ ಬಂದು, ಮತ್ತೆ ಕೆಳಗೆ ಹೋಗಿ ನೋಡಿದರು. "ಎಷ್ಟು ವಿನಯದಿಂದ ಕೇಳಿದೆ ನೋಡು ಪಾಪ. ಒಂದ್ಸಲನಾದ್ರೂ ಹೇಳ್ಬಾರ್ದಿತ್ತೇನಮ್ಮ?"

ಸರಿ, ಉತ್ತರಗಳನ್ನು ಸಿಸ್‌ಟಿಎಸ್‌ಇನ್‌ನಲ್ಲಿ ಸ್ಕ್ರಿಪ್ಟಿನ ಹೆಸರಿನ ಕೆಳಗೆ ಒಂದೊಂದು ಸಾಲಾಗಿ ಬರೆದೆ. ತಾರೀಖು, ಪಿ, ವೈ. ಓಡಿತು! ಎರಡು ದಿನ ಟೆಸ್ಟಿನಲ್ಲಿ ಪ್ರಶ್ನೆ-ಉತ್ತರದ ಭಾಗ ಚೆನ್ನಾಗೇ ಓಡಿತು. ಮೂರನೇ ದಿನ ಔಟ್‌ಪುಟ್‌ನಲ್ಲಿ ವಿಚಿತ್ರ ಸಾಲು. ವೈ ಅನ್ನುವ ಕಮಾಂಡ್ ಸಿಗಲಿಲ್ಲ. ವೈ ಅನ್ನುವ ಕಮಾಂಡ್ ಯಾರು ಕೊಟ್ಟರು? ನಾನೇ. ಅವತ್ತು ಒಂದು ಫೈಲ್ ಖಾಲಿ ಇತ್ತು. ಸ್ಕ್ರಿಪ್ಟು "ಮುಂದೆ ಹೋಗಲಾ" ಅನ್ನುವ ಪ್ರಶ್ನೆಯನ್ನೇ ಕೇಳದೆ ಮುಗಿದುಹೋಗಿತ್ತು. ಉಳಿದ ವೈ ಅಲ್ಲೇ ಬಿದ್ದಿತ್ತು. ಐಕೆಜೆಇಎಫ್‌ಟಿ01 ಮುಂದಿನ ಸಾಲು ಓದಿತು, ಇದೂ ಕಮಾಂಡೇ ಇರಬೇಕು ಅಂದುಕೊಂಡಿತು. ಅದರ ದೃಷ್ಟಿಯಲ್ಲಿ ತಪ್ಪೇನಿಲ್ಲ. ಅದಕ್ಕೆ ಕಮಾಂಡ್ ಯಾವುದು, ಉತ್ತರ ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲವೂ ಸಾಲುಗಳೇ.

ನಗು ಬಂತು. ಆಮೇಲೆ ಭಯ ಆಯಿತು. ಉಳಿದ ಉತ್ತರ ವೈ ಆಗಿದ್ದಕ್ಕೆ ಸರಿಹೋಯಿತು. ಟಿಎಸ್‌ಒಗೆ ಅರ್ಥ ಆಗುವ ಪದವೇ ಆಗಿದ್ದರೆ? ಪ್ರಶ್ನೆಗಳ ನಡುವೆ ಯಾರಾದರೂ ಹೊಸ ಪ್ರಶ್ನೆ ಸೇರಿಸಿದರೆ ಎಲ್ಲ ಉತ್ತರಗಳೂ ಒಂದೊಂದು ಮನೆ ಜರುಗುತ್ತವೆ. ವೈ ಹೋಗಿ ಪಿಯ ಜಾಗದಲ್ಲಿ ಕೂರುತ್ತದೆ. ಇವತ್ತಿಗೂ ಎಷ್ಟೋ ಕಡೆ ಇದೇ ರೀತಿ ಮಾಡುತ್ತಾರೆ. ನಾನಂತೂ ಅವತ್ತೇ ಬಿಟ್ಟೆ.

ಬದಲಿಗೆ ಮಾಡಿದ್ದು ಇಷ್ಟು. ರೆಕ್ಸಿನಲ್ಲಿ ಸಿಸ್‌ವಾರ್ ಅನ್ನುವ ಫಂಕ್ಷನ್ ಇದೆ. ಅದಕ್ಕೆ ಸಿಸ್‌ಎನ್ವ್ ಅಂತ ಕೊಟ್ಟರೆ ಮುಂದೆ ಮನುಷ್ಯ ಇದ್ದರೆ 'ಫೋರ್' ಅನ್ನುತ್ತದೆ, ಬ್ಯಾಚಾದರೆ 'ಬ್ಯಾಕ್' ಅನ್ನುತ್ತದೆ. ಫೋರ್ ಆದರೆ ಹಳೇ ಥರ ಕೇಳು. ಬ್ಯಾಕ್ ಆದರೆ ಕೇಳಲೇಬೇಡ, ಸ್ಕ್ರಿಪ್ಟಿನ ಹೆಸರಿನ ಜೊತೆಗೇ ಬಂದ ಆರ್ಗ್ಯುಮೆಂಟುಗಳನ್ನು ತಗೋ. ಆರ್ಗ್ಯುಮೆಂಟ್ ಸರಿ ಇಲ್ಲದಿದ್ದರೆ ಒಂದು ಸಾಲು ಬರೆದು ರಿಟರ್ನ್ ಕೋಡ್ 12 ಕೊಟ್ಟು (0 ಅಂದರೆ ಎಲ್ಲ ಸರಿ ಅಂತ) ಹೊರಗೆ ಹೋಗು. ಒಂದೇ ಸ್ಕ್ರಿಪ್ಟ್ ಎರಡೂ ಕಡೆ ನಡೆಯುತ್ತದೆ. ಬ್ಯಾಚಿಗೆ ಬೇರೆ ಕಾಪಿ ಮಾಡಿದರೆ ಆರು ತಿಂಗಳಲ್ಲಿ ಅವು ದಾಯಾದಿಗಳಾಗುತ್ತವೆ.

ಇನ್ನು ತಾರೀಖು. ಹಾಳೆಯಲ್ಲಿ ಬರೆದಿತ್ತಲ್ಲ, ನಿನ್ನೆಯದು ಕೊಡು ಅಂತ. ದಿನಾ ಯಾರು ಜೆಸಿಎಲ್ ತಿದ್ದುತ್ತಾರೆ, ಸ್ಕ್ರಿಪ್ಟೇ ಲೆಕ್ಕ ಹಾಕಲಿ ಅಂತ ಇವತ್ತಿನ ತಾರೀಖಿನಿಂದ ಒಂದು ಕಳೆದೆ. ಎಣಿಕೆ ಒಂದೂ ತಾಳೆ ಆಗಲಿಲ್ಲ. ಒಂದು ಇಡೀ ಬೆಳಗ್ಗೆ ಹಾಳಾಯಿತು.

ತಪ್ಪು ರೆಕ್ಸಿನಲ್ಲಿ ಇರಲಿಲ್ಲ. ನಮಗೆ ಬೆಳಗ್ಗೆ 7 ಗಂಟೆ ಅಂದರೆ ಅಲ್ಲಿ ಚಳಿಗಾಲದಲ್ಲಿ ಹಿಂದಿನ ದಿನದ ರಾತ್ರಿ 8:30. ಅವನ "ನಿನ್ನೆ" ಎಲೆಕ್ಟ್ರಾನಿಕ್ ಸಿಟಿಯ ನಿನ್ನೆ. ಮೆಷಿನ್ನಿಗೆ ಅದು ಇವತ್ತು. ನಾನು ಮೆಷಿನ್ನಿನ ಇವತ್ತಿನಿಂದ ಒಂದು ಕಳೆದು ಅಲ್ಲಿನ ನಿನ್ನೆಗೆ ಹೋಗಿ ಕೂತಿದ್ದೆ. ಆ ಹುಡುಗ ವರ್ಷಗಟ್ಟಲೆ ದಿನಾ ಬೆಳಗ್ಗೆ ನಿದ್ದೆಗಣ್ಣಿನಲ್ಲೇ ಒಂದು ಸಮುದ್ರ ದಾಟಿ ತಾರೀಖು ತರುತ್ತಿದ್ದ. ಅವನಿಗೇ ಅದು ಗೊತ್ತಿರಲಿಲ್ಲ.

ಶನಿವಾರವೂ ಅಷ್ಟೇ. ನಮ್ಮ ಟೀಮಿನ ವಾರ ಮಂಗಳವಾರದಿಂದ ಶನಿವಾರ, ಯಾಕೆಂದರೆ ಇಲ್ಲಿ ಶನಿವಾರ ಬೆಳಗಾದಾಗ ಅಲ್ಲಿ ಇನ್ನೂ ಶುಕ್ರವಾರದ ಸಂಜೆ. ಸೋಮವಾರ ಬೆಳಗ್ಗೆ ಅಲ್ಲಿ ಭಾನುವಾರ, ಫೈಲೇ ಇರುವುದಿಲ್ಲ. ಅವನು ಸೋಮವಾರ ಬರುತ್ತಲೇ ಇರಲಿಲ್ಲ, ಹಾಗಾಗಿ ಸ್ಕ್ರಿಪ್ಟಿಗೆ ಭಾನುವಾರ ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ. ರೆಕ್ಸಿನಲ್ಲಿ ಡೇಟ್ ಫಂಕ್ಷನ್ನಿಗೆ ಬಿ ಅಂತ ಕೊಟ್ಟರೆ ಒಂದನೇ ಇಸವಿಯಿಂದ ಇಲ್ಲಿಯವರೆಗೆ ಎಷ್ಟು ದಿನ ಆಯಿತು ಅಂತ ಹೇಳುತ್ತದೆ. ಅದನ್ನು 7ರಿಂದ ಭಾಗಿಸಿ ಉಳಿದದ್ದು ನೋಡಿದರೆ ವಾರ ಸಿಗುತ್ತದೆ. 0 ಅಂದರೆ ಸೋಮವಾರ, 6 ಅಂದರೆ ಭಾನುವಾರ. ಇದು ನನಗೆ ಆಗ ಎಷ್ಟು ಇಷ್ಟ ಆಯಿತೆಂದರೆ ನನ್ನ ಹುಟ್ಟಿದ ವಾರ, ಅಮ್ಮನ ಹುಟ್ಟಿದ ವಾರ ಎಲ್ಲಾ ಲೆಕ್ಕ ಹಾಕಿದೆ. ಅಮ್ಮ ಶುಕ್ರವಾರ ಹುಟ್ಟಿದ್ದು ಅಂತ ಅಜ್ಜಿ ಹೇಳುತ್ತಿದ್ದರು. ರೆಕ್ಸ್ ಪ್ರಕಾರ ಗುರುವಾರ. ಮನೆಯಲ್ಲಿ ಹೇಳಲು ಹೋಗಲಿಲ್ಲ. ಅಲ್ಲಿನ ರಜಾದಿನಗಳನ್ನು ಒಂದು ಮೆಂಬರಿನಲ್ಲಿ ಬರೆದಿಟ್ಟು ಸ್ಕ್ರಿಪ್ಟು ಅದನ್ನು ಓದುವ ಹಾಗೆ ಮಾಡಿದೆ. ಅದೂ ಅವನ ತಲೆಯಲ್ಲೇ ಇದ್ದದ್ದು.

ಇಷ್ಟಾದ ಮೇಲೆ ಐಎಸ್‌ಪಿಎಫ್, ಟಿಎಸ್‌ಒದಲ್ಲಿ ಸ್ಕ್ರೀನುಗಳನ್ನೂ ಎಡಿಟರನ್ನೂ ಕೊಡುವ ಸಾಫ್ಟ್‌ವೇರ್. ಸ್ಕ್ರಿಪ್ಟಿನ ಉತ್ತರಾರ್ಧ ಪೂರ್ತಿ ಐಎಸ್‌ಪಿಎಫ್ ಮೇಲೆ ನಿಂತಿತ್ತು. ಪ್ಯಾನೆಲ್ ತೋರಿಸುವುದು, ಫೈಲನ್ನು ತಾನೇ ತಿದ್ದುವ ಎಡಿಟ್ ಮ್ಯಾಕ್ರೋ, ಜೆಸಿಎಲ್ ಕಟ್ಟುವ ಫೈಲ್ ಟೈಲರಿಂಗ್. ಬ್ಯಾಚಿನಲ್ಲಿ ಐಎಸ್‌ಪಿಎಫ್ ತಾನಾಗಿ ಏಳುವುದಿಲ್ಲ. ಏಳದೆ ಅದಕ್ಕೆ ಕೆಲಸ ಹೇಳಿದರೆ ರೆಕ್ಸ್ ಮೈನಸ್ 3 ಅಂತ ಕೊಡುತ್ತದೆ. ಅಂಥವರು ಇಲ್ಲಿ ಯಾರೂ ಇಲ್ಲ ಅಂತ ಅರ್ಥ. ಅದಕ್ಕೆ ಸ್ಕ್ರಿಪ್ಟನ್ನು ನೇರವಾಗಿ ಕರೆಯದೆ ಐಎಸ್‌ಪಿಸ್ಟಾರ್ಟ್ ಮೂಲಕ ಕರೆಯಬೇಕು. ಜೊತೆಗೆ ಪ್ಯಾನೆಲ್, ಮೆಸೇಜ್, ಟೇಬಲ್, ಸ್ಕೆಲಿಟನ್ (ಜೆಸಿಎಲ್ ಕಟ್ಟುವ ಅಚ್ಚು) ಎಲ್ಲಕ್ಕೂ ಒಂದೊಂದು ಡಿಡಿ. ನಮ್ಮ ಲೈಬ್ರರಿಯ ಜೊತೆ ಐಬಿಎಂನವರ ಲೈಬ್ರರಿಯನ್ನೂ ಸೇರಿಸಬೇಕು.

ಇದರಲ್ಲಿ ಐಎಸ್‌ಪಿಪ್ರೊಫ್ ಅನ್ನುವ ಡಿಡಿಯ ಕಥೆ ಹೇಳಲೇಬೇಕು. ಐಎಸ್‌ಪಿಎಫ್ ನಮ್ಮ ಇಷ್ಟಾನಿಷ್ಟಗಳನ್ನು ಬರೆದಿಡುವ ಪ್ರೊಫೈಲ್ ಡೇಟಾಸೆಟ್ ಅದು. ನಾನು ತಲೆ ಓಡಿಸದೆ ನನ್ನದೇ ಪ್ರೊಫೈಲ್ ಕೊಟ್ಟೆ, ಅದೂ ಡಿಸ್ಪ್ ಓಲ್ಡ್, ಅಂದರೆ ಬೇರೆ ಯಾರೂ ಮುಟ್ಟಬಾರದು ಅಂತ. ಸಬ್‌ಮಿಟ್ ಮಾಡಿದೆ. ಡೇಟಾಸೆಟ್‌ಗಾಗಿ ಕಾಯುತ್ತಿದೆ ಅಂತ ಮೆಸೇಜ್ ಬಂತು. ಜಾಬುಗಳನ್ನು ತೋರಿಸುವ ಎಸ್‌ಡಿಎಸ್‌ಎಫ್ ಸ್ಕ್ರೀನಿನಲ್ಲಿ ಅದನ್ನೇ ನೋಡುತ್ತಾ ಕೂತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಯಾರು ಇಟ್ಟುಕೊಂಡು ಕೂತಿದ್ದಾರೋ, ಬಿಡುತ್ತಿಲ್ಲವಲ್ಲ ಅಂತ ಬೈದುಕೊಂಡೆ. ಇಟ್ಟುಕೊಂಡವಳು ನಾನೇ. ನಾನು ಲಾಗಾಫ್ ಆಗಲಿ ಅಂತ ಅದು ಕಾಯುತ್ತಿತ್ತು, ಅದು ಮುಗಿಯಲಿ ಅಂತ ನಾನು ಲಾಗಾನ್ ಆಗಿ ಕೂತಿದ್ದೆ. ಬ್ಯಾಚಿಗೆ ಪ್ರತಿ ಸಲ ಹೊಸ ತಾತ್ಕಾಲಿಕ ಪಿಡಿಎಸ್ ಕೊಡಬೇಕು, 80 ಅಕ್ಷರದ ಫಿಕ್ಸೆಡ್ ಬ್ಲಾಕ್, ಡೈರೆಕ್ಟರಿಗೆ ನಾಲ್ಕಾರು ಬ್ಲಾಕ್ ಸಾಕು. ಜಾಬ್ ಮುಗಿದ ಮೇಲೆ ತಾನೇ ಅಳಿಸಿಹೋಗುತ್ತದೆ.

ಪ್ಯಾನೆಲ್ ತೋರಿಸುವ ಸಾಲನ್ನು ಬ್ಯಾಚಿನಲ್ಲಿ ಹಾರಿಸಿದೆ. ನೋಡುವವರೇ ಇಲ್ಲದ ಮೇಲೆ ತೋರಿಸುವುದು ಯಾಕೆ ಅಂತ. ಎಣಿಕೆಗಳನ್ನು ಸುಮ್ನೆ ಸಿಸ್‌ಟಿಎಸ್‌ಪಿಆರ್‌ಟಿಗೆ ಬರೆಸಿದೆ. ಈ ಮಾತು ನೆನಪಿಟ್ಟುಕೊಳ್ಳಿ.

ಎಡಿಟ್ ಮ್ಯಾಕ್ರೋ ಅಷ್ಟು ಕಷ್ಟ ಕೊಡಲಿಲ್ಲ. ಮ್ಯಾಕ್ರೋದ ಕೊನೆಯಲ್ಲಿ ಸೇವ್, ಎಂಡ್ ಎರಡೂ ಇರಬೇಕು. ಎಂಡ್ ಇಲ್ಲದಿದ್ದರೆ ಎಡಿಟರ್ ತನ್ನ ಸ್ಕ್ರೀನ್ ತೆರೆಯಲು ಹೊರಡುತ್ತದೆ, ಬ್ಯಾಚಿನಲ್ಲಿ ಸ್ಕ್ರೀನ್ ಎಲ್ಲಿದೆ? ಟರ್ಮಿನಲ್‌ನಲ್ಲಿ ಓಡಿಸಿದಾಗ ಮ್ಯಾಕ್ರೋ ಮುಗಿದ ಮೇಲೆ ಎಫ್3 ಒತ್ತುವುದು ಕೈಗೆ ಅಭ್ಯಾಸ. ಹಾಳೆಯಲ್ಲಿ ಆ ಎಫ್3 ಬರೆದಿರಲೇ ಇಲ್ಲ. ಬೆರಳಿಗೆ ಗೊತ್ತಿದ್ದದ್ದು ಪೆನ್ನಿಗೆ ಗೊತ್ತಿರಲಿಲ್ಲ.

ಆರನೇ ದಿನ ಜಾಬ್ ಪ್ರೊಡಕ್ಷನ್‌ಗೆ ಹೋಯಿತು. ಶೆಡ್ಯೂಲರ್‌ಗೆ ಸೇರಿಸಿದೆವು. ಅದರ ಯೂಸರ್ ಐಡಿ ಬೇರೆ, ಹಾಗಾಗಿ ಕೋಟ್ ಹಾಕದೆ ಬರೆದ ಡೇಟಾಸೆಟ್ ಹೆಸರುಗಳ ಮುಂದೆ ನನ್ನ ಐಡಿ ಬದಲು ಅದರ ಐಡಿ ಬಂದು ಕೂತಿತು. ಅರ್ಧ ಗಂಟೆಯಲ್ಲಿ ಸರಿ ಮಾಡಿದೆ, ಎಲ್ಲ ಹೆಸರಿಗೂ ಕೋಟ್ ಹಾಕಿ ಪೂರ್ತಿ ಬರೆದೆ. ಇದು ದೊಡ್ಡ ವಿಷಯ ಅಲ್ಲ.

ದೊಡ್ಡದು ಎಂಟನೇ ದಿನ ಆಯಿತು. ಜಾಬ್ ಹಸಿರು. ಮ್ಯಾಕ್ಸ್‌ಸಿಸಿ, ಅಂದರೆ ಜಾಬಿನ ಅತಿ ದೊಡ್ಡ ರಿಟರ್ನ್ ಕೋಡ್, 0. ನಾನು ಕ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಅರ್ಧ ನಿದ್ದೆಯಲ್ಲಿದ್ದೆ. ಫೋನ್ ಬಂತು. ಹಿಂದಿನ ದಿನದ ರಿಪೋರ್ಟೇ ಮತ್ತೊಂದು ಸಲ ಹೋಗಿದೆ, ಕ್ಲೈಂಟ್ ಕಾಲಿನಲ್ಲಿದ್ದಾರೆ, ಕೂಡಲೇ ಬಾ.

ನಡೆದದ್ದು ಇಷ್ಟು. ಅಲ್ಲಿ ಯಾರೋ ಒಬ್ಬರು ಕಂಟ್ರೋಲ್ ಕಾರ್ಡಿನ ಮೆಂಬರನ್ನು ಎಡಿಟಿನಲ್ಲಿ ತೆರೆದಿಟ್ಟು ಊಟಕ್ಕೋ ಮನೆಗೋ ಹೋಗಿದ್ದರು. ನನ್ನ ಸ್ಕ್ರಿಪ್ಟ್ ಅದನ್ನು ಎಡಿಟ್ ಮಾಡಲು ಹೋದಾಗ ಐಎಸ್‌ಪಿಎಫ್ 14 ಅಂತ ಕೊಟ್ಟಿತು. ಬೇರೆಯವರ ಕೈಯಲ್ಲಿದೆ ಅಂತ ಅರ್ಥ. ಮ್ಯಾಕ್ರೋ ಓಡಲಿಲ್ಲ, ತಾರೀಖು ಬದಲಾಗಲಿಲ್ಲ. ಟರ್ಮಿನಲ್ ಆಗಿದ್ದರೆ ಆ ಹುಡುಗ ಮೆಸೇಜ್ ಓದಿ, ಯಾರು ಅಂತ ಹುಡುಕಿ, ಚಾಟ್‌ನಲ್ಲಿ "ಸ್ವಲ್ಪ ಹೊರಗೆ ಬನ್ನಿ" ಅನ್ನುತ್ತಿದ್ದ. ನನ್ನ ಸ್ಕ್ರಿಪ್ಟ್ 14 ನೋಡಲೇ ಇಲ್ಲ. ನೋಡು ಅಂತ ನಾನು ಬರೆದಿರಲಿಲ್ಲ. ಹಳೇ ತಾರೀಖಿನ ಮೇಲೇ ಜೆಸಿಎಲ್ ಕಟ್ಟಿ ಸಬ್‌ಮಿಟ್ ಮಾಡಿತು.

ಅದನ್ನು ತಿದ್ದುವುದು ಸುಲಭ. ಎಡಿಟ್ ಆದ ಮೇಲೆ ರಿಟರ್ನ್ ಕೋಡ್ ನೋಡು, 0 ಅಲ್ಲದಿದ್ದರೆ 8 ಕೊಟ್ಟು ನಿಲ್ಲು. ಬರೆದೆ. ಬೇಕೆಂದೇ ಟೆಸ್ಟ್ ಮೆಂಬರನ್ನು ಎಡಿಟಿನಲ್ಲಿ ತೆರೆದಿಟ್ಟು ಓಡಿಸಿದೆ. ಸ್ಕ್ರಿಪ್ಟ್ ನಿಂತಿತು, 8 ಅಂತ ಬರೆಯಿತು. ಜಾಬ್? ಆಗಲೂ ಹಸಿರು. ಆಗಲೂ 0.

ಇಲ್ಲಿ ಎರಡು ತಪ್ಪು ಒಂದರ ಹಿಂದೆ ಒಂದು ಅಡಗಿದ್ದವು. ಸಿಸ್‌ಟಿಎಸ್‌ಇನ್‌ನ ಕೊನೆಯಲ್ಲಿ ನಾನೇ ಜಾಣತನದಿಂದ ಒಂದು ಸೆಂಡ್ ಕಮಾಂಡ್ ಹಾಕಿದ್ದೆ, ಮುಗಿಯಿತು ಅಂತ ನನ್ನ ಸ್ಕ್ರೀನಿಗೆ ಮೆಸೇಜ್ ಬರಲಿ ಅಂತ. ಐಕೆಜೆಇಎಫ್‌ಟಿ01 ಒಂದು ಕಮಾಂಡ್ 8 ಕೊಟ್ಟರೂ ಮುಂದಿನ ಸಾಲಿಗೆ ಹೋಗುತ್ತದೆ. ಸ್ಟೆಪ್ಪಿನ ಕೋಡ್ ಅಂತ ಕೊನೆಯ ಕಮಾಂಡಿನದನ್ನು ಕೊಡುತ್ತದೆ. ಸೆಂಡ್ ಪಾಪ ದಿನಾ ಸರಿಯಾಗೇ ಹೋಗುತ್ತಿತ್ತು. ಒಳಗೆ ಮನೆ ಹೊತ್ತಿ ಉರಿದರೂ ಬಾಗಿಲಲ್ಲಿ ನಿಂತವನು ನಮಸ್ಕಾರ ಚೆನ್ನಾಗಿ ಮಾಡುತ್ತಿದ್ದ. ಇದಕ್ಕೇ ಐಕೆಜೆಇಎಫ್‌ಟಿ1ಬಿ ಅಂತ ತಮ್ಮ ಒಬ್ಬನಿದ್ದಾನೆ. ಅವನು ಸೊನ್ನೆ ಅಲ್ಲದ್ದು ಕಂಡರೆ ಅಲ್ಲೇ ನಿಲ್ಲುತ್ತಾನೆ, ಅದೇ ಕೋಡನ್ನು ಹೊರಗೆ ಕೊಡುತ್ತಾನೆ. ಪ್ರೋಗ್ರಾಮಿನ ಹೆಸರಿನಲ್ಲಿ 01 ತೆಗೆದು 1ಬಿ ಮಾಡಿದೆ, ಸೆಂಡ್ ಸಾಲನ್ನೂ ಅಳಿಸಿದೆ.

ಆಗಲೂ 0. ಅವತ್ತು ರಾತ್ರಿ ಹತ್ತೂವರೆ. ಲೀಡ್ ಮನೆಗೆ ಹೋಗದೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು, ಕಡಲೆಕಾಯಿ ಬಿಡಿಸುತ್ತಾ. ಬಸವನಗುಡಿ ಪರಿಷೆ ಆಗ ತಾನೇ ಮುಗಿದಿತ್ತು, ಆಫೀಸಿಗೆಲ್ಲ ಅವರೇ ತಂದು ಹಂಚಿದ್ದರು.

"ಸ್ಕ್ರಿಪ್ಟ್ ಎಂಟು ಕೊಡ್ತು ಸರಿ. ಕೊಟ್ಟಿದ್ದು ಯಾರಿಗೆ?" ಅಂದರು.

"ಐಎಸ್‌ಪಿಎಫ್‌ಗೆ ಸರ್."

"ಐಎಸ್‌ಪಿಎಫ್ ಯಾರಿಗೆ ಕೊಡ್ತು?"

ಯಾರಿಗೂ ಕೊಟ್ಟಿರಲಿಲ್ಲ. ಐಎಸ್‌ಪಿಸ್ಟಾರ್ಟ್ ಮೂಲಕ ಓಡಿದ ಸ್ಕ್ರಿಪ್ಟಿನ ಎಕ್ಸಿಟ್ ಕೋಡು ತಾನಾಗಿ ಹೊರಗೆ ಬರುವುದಿಲ್ಲ. ಝಡ್‌ಐಎಸ್‌ಪಿಎಫ್‌ಆರ್‌ಸಿ ಅಂತ ಒಂದು ವೇರಿಯಬಲ್ ಇದೆ. ಅದರಲ್ಲಿ 8 ಬರೆದು, ವಿಪುಟ್ ಅನ್ನುವ ಕಮಾಂಡಿನಿಂದ ಐಎಸ್‌ಪಿಎಫ್‌ನ ಶೇರ್ಡ್ ಪೂಲಿಗೆ ಹಾಕಿದರೆ ಮಾತ್ರ ಐಎಸ್‌ಪಿಎಫ್ ಹೋಗುವಾಗ ಆ 8 ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಕೈ ಬೀಸಿಕೊಂಡು ಹೋಗುತ್ತದೆ. ಎರಡು ಸಾಲು ಸೇರಿಸಿದೆ. ಮತ್ತೆ ಓಡಿಸಿದೆ. ಸ್ಕ್ರೀನಿನಲ್ಲಿ 0008. ಕೆಂಪು ಬಣ್ಣ ಅಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ. ಇಬ್ಬರೂ ಕಡಲೆಕಾಯಿ ತಿಂದೆವು.

ಇನ್ನೊಂದು ವಿಷಯ, ಕೆಲವರು ಕೇಳುತ್ತಿರುತ್ತಾರೆ. ಇಷ್ಟೆಲ್ಲ ರಗಳೆ ಬೇಡ, ಐಆರ್‌ಎಕ್ಸ್‌ಜೆಸಿಎಲ್ ಇದೆಯಲ್ಲ, ಟಿಎಸ್‌ಒ ಇಲ್ಲದೇ ರೆಕ್ಸ್ ಓಡುತ್ತದಲ್ಲ ಅಂತ. ಓಡುತ್ತದೆ. ಫೈಲ್ ಓದಿ, ಕೂಡಿ ಕಳೆದು, ಬರೆಯುವ ಸ್ಕ್ರಿಪ್ಟಾದರೆ ಅದೇ ಒಳ್ಳೆಯದು, ಹಗುರ. ಆದರೆ ಅಲ್ಲಿ ಟಿಎಸ್‌ಒ ಕಮಾಂಡ್ ನಡೆಯುವುದಿಲ್ಲ, ಐಎಸ್‌ಪಿಎಫ್ ಅಂತೂ ಇಲ್ಲವೇ ಇಲ್ಲ. ಮಾತಾಡಿ ಬೆಳೆದ ಸ್ಕ್ರಿಪ್ಟುಗಳಿಗೆ ಅದು ಒಗ್ಗುವುದಿಲ್ಲ.

ಹುಡುಗ ಮದುವೆ ಮುಗಿಸಿ ಬಂದ. ಒಂದು ಡಬ್ಬ ತೊಡೆದೇವು ತಂದಿದ್ದ. ಒಂದನ್ನು ಕೈಯಲ್ಲಿ ಹಿಡಿದೇ ಅವನಿಗೆ ಔಟ್‌ಪುಟ್ ತೋರಿಸಿದೆ. ಇನ್ನು ಮೇಲೆ ಬೆಳಗ್ಗೆ 7ಕ್ಕೆ ಬರಬೇಕಿಲ್ಲ ಅಂದೆ. ಅವನು ಖುಷಿಪಡಲಿಲ್ಲ, ಸಿಸ್‌ಟಿಎಸ್‌ಪಿಆರ್‌ಟಿಯನ್ನು ಸಾಲು ಸಾಲಾಗಿ ಓದಿದ. ಎಣಿಕೆಗಳ ಹತ್ತಿರ ನಿಂತ.

"ಈ ಸಂಖ್ಯೆ ಯಾರು ನೋಡ್ತಾರೆ ಅಕ್ಕಾ?"

"ಪ್ರಿಂಟ್ ಆಗಿದೆಯಲ್ಲೋ."

"ಅದಲ್ಲ. ಇದು ಹಿಂದಿನ ದಿನದ್ದಕ್ಕಿಂತ ತೀರಾ ಕಮ್ಮಿ ಬಂದ್ರೆ ನಾನು ಎಂಟರ್ ಒತ್ತಲ್ಲ. ಅಲ್ಲಿಯವರಿಗೆ ಫೋನ್ ಮಾಡ್ತೀನಿ. ಫೈಲು ಅರ್ಧ ಬಂದಿರುತ್ತೆ ಒಂದೊಂದ್ಸಲ."

"ಹಾಳೇಲಿ ಬರೆದಿಲ್ವಲ್ಲ ನೀನು?"

"ಬರ್ದಿದೀನಲ್ಲ. ನೋಡಿ ಎಂಟರ್ ಒತ್ತು ಅಂತ."

ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ನೋಡಿದೆ. ಹೌದು, ಬರೆದಿತ್ತು. ತೀರಾ ಕಮ್ಮಿ ಅಂದರೆ ಎಷ್ಟು ಅಂತ ಕೇಳಿದೆ. ಅವನಿಗೂ ಹೇಳಲು ಬರಲಿಲ್ಲ. ನೋಡಿದರೆ ಗೊತ್ತಾಗುತ್ತೆ ಅಂದ. ಇಬ್ಬರೂ ಹಳೆಯ ಎರಡು ತಿಂಗಳ ಎಣಿಕೆ ತೆಗೆದು ಕೂತೆವು. ಕೊನೆಗೆ ಅರವತ್ತು ಪರ್ಸೆಂಟಿಗಿಂತ ಕಮ್ಮಿ ಆದರೆ ನಿಲ್ಲು ಅಂತ ತೀರ್ಮಾನ ಮಾಡಿದೆವು. ಶುಕ್ರವಾರಕ್ಕೆ ಮಾತ್ರ ಅವನು ಒಪ್ಪಲಿಲ್ಲ, ಅದಕ್ಕೆ ನಲವತ್ತು ಇಟ್ಟೆವು. ಐದು ಸಾಲು ಕೋಡ್. ಮೇಲೆ ಕಾಮೆಂಟಿನಲ್ಲಿ ಅವನ ಇನಿಷಿಯಲ್ ಹಾಕಿದೆ. ಮಾರನೇ ದಿನವೂ ಅವನು 7ಕ್ಕೇ ಬಂದಿದ್ದ, ಜಾಬ್ ಹೇಗೆ ಓಡುತ್ತೆ ನೋಡೋಣ ಅಂತ.